ಕಾಲೇಜ್ ಫುಟ್‌ಬಾಲ್‌ನ ‘ದೊಡ್ಡ ಮನೆತನ’ ಅನ್ನಿಸಿಕೊಳ್ಳೋಕೆ ಒಂದು ತಂಡಕ್ಕೆ ಏನಿರಬೇಕು?

ಮೂರನೇ_ಡೌನ್

ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ (ವಿಶ್ವವಿದ್ಯಾಲಯಗಳ ತಂಡಗಳು ಆಡುವ ಅಮೆರಿಕನ್ ಫುಟ್‌ಬಾಲ್) ‘ಬ್ಲೂ ಬ್ಲಡ್’, ಅಂದರೆ ದೊಡ್ಡ ಮನೆತನದ ತಂಡಗಳು ಯಾವುವು ಅಂತ ಕೇಳಿದರೆ ಹೆಚ್ಚುಕಮ್ಮಿ ಎಲ್ಲರೂ ಇದೇ ಎಂಟು ಹೆಸರು ಹೇಳ್ತಾರೆ: ಅಲಬಾಮಾ, ಒಹಾಯೊ ಸ್ಟೇಟ್, ಮಿಷಿಗನ್, ನೋಟರ್ ಡೇಮ್, ಒಕ್ಲಹೋಮಾ, ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ), ಟೆಕ್ಸಸ್, ನೆಬ್ರಾಸ್ಕಾ. ಈ ಪಟ್ಟಿ ಯಾವ ಲೆಕ್ಕದ ಮೇಲೆ ನಿಂತಿದೆ ಅಂತ ಬಿಡಿಸಿ ಹೇಳಿದವರು ಕಡಿಮೆ.

ನೆಬ್ರಾಸ್ಕಾದ ಕೊನೆಯ ರಾಷ್ಟ್ರೀಯ ಪಟ್ಟ 1997ರದು, ಆದರೂ ಅದು ಪಟ್ಟಿಯಲ್ಲಿದೆ. ಜಾರ್ಜಿಯಾ 2021 ಮತ್ತು 2022ರಲ್ಲಿ ಬೆನ್ನುಬೆನ್ನಿಗೆ ಗೆದ್ದಿತು, ಆದರೂ ಹೊರಗೇ ಇದೆ. 2025ರ ಋತುವಿನಲ್ಲಿ ಇಂಡಿಯಾನಾ ಆಡಿದ 16 ಪಂದ್ಯಗಳನ್ನೂ ಗೆದ್ದು ಫೈನಲ್‌ನಲ್ಲಿ ಮಯಾಮಿಯನ್ನು 27-21ರಿಂದ ಸೋಲಿಸಿತು, ಅದನ್ನಂತೂ ಯಾರೂ ಈ ಸಾಲಿಗೆ ಸೇರಿಸೋ ಮಾತೇ ಆಡಲ್ಲ. ಹಾಗಾದರೆ ಲೆಕ್ಕಕ್ಕೆ ಬರೋದು ಏನು? ಒಟ್ಟು ಗೆಲುವುಗಳೋ, ಪಟ್ಟಗಳೋ, ಹೈಸ್‌ಮನ್ ಟ್ರೋಫಿಗಳೋ (ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡೋ ಪ್ರಶಸ್ತಿ), ದುಡ್ಡೋ? ದಾಖಲೆಗಳನ್ನು ಎದುರಿಗಿಟ್ಟುಕೊಂಡು ನಾವೇ ಪರೀಕ್ಷೆ ಮಾಡಬಹುದಾದ ಅಳತೆಗೋಲು ಯಾವುದಾದರೂ ಇದ್ದರೆ ತಿಳಿಸಿ.

---

ಹಳೇದಾಖಲೆ

ಇದೆ. ಆದರೆ ಅದಕ್ಕೂ ಮೊದಲು ಯಾವ ಅಂಕಿಗಳನ್ನು ನಂಬಬಾರದು ಅನ್ನೋದು ಗೊತ್ತಿರಬೇಕು. ಈ ಆಟದ ದಾಖಲೆಗಳಲ್ಲಿ ಹಳ್ಳಗಳು ಬಹಳ.

ಮೊದಲ ಹಳ್ಳ ‘ರಾಷ್ಟ್ರೀಯ ಪಟ್ಟ’. ಈ ಆಟದ ಅತಿ ಮೇಲಿನ ಹಂತದಲ್ಲಿ ಕಾಲೇಜ್ ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಇವತ್ತಿಗೂ ತಾನಾಗಿ ಪಟ್ಟ ಕೊಡೋದಿಲ್ಲ. ಬೇರೆ ಬೇರೆ ಆಯ್ಕೆದಾರರು ಯಾರನ್ನು ಹೆಸರಿಸಿದ್ದರು ಅಂತ ತನ್ನ ದಾಖಲೆ ಪುಸ್ತಕದಲ್ಲಿ ಪಟ್ಟಿ ಮಾಡುತ್ತೆ, ಅಷ್ಟೇ. ಆ ಪಟ್ಟಿಯಿಂದ ತಮಗೆ ಅನುಕೂಲವಾದ ಹೆಸರನ್ನು ವಿಶ್ವವಿದ್ಯಾಲಯಗಳು ಆರಿಸಿಕೊಳ್ಳುತ್ತವೆ. ಅಲಬಾಮಾ ತನ್ನದೆನ್ನುವ 18 ಪಟ್ಟಗಳಲ್ಲಿ 1941 ಕೂಡ ಸೇರಿದೆ. ಆ ವರ್ಷ ತಂಡ 2 ಪಂದ್ಯ ಸೋತು ಎಪಿ ಪಟ್ಟಿಯಲ್ಲಿ (ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಪತ್ರಕರ್ತರ ಮತದಿಂದ ಮಾಡುವ ಶ್ರೇಯಾಂಕ) 20ನೇ ಸ್ಥಾನದಲ್ಲಿತ್ತು. 2017ರಲ್ಲಿ ಯುಸಿಎಫ್ (ಸೆಂಟ್ರಲ್ ಫ್ಲೋರಿಡಾ) 13 ಪಂದ್ಯಗಳನ್ನೂ ಗೆದ್ದು, ಒಂದು ಗಣಕ ಶ್ರೇಯಾಂಕ ತನ್ನನ್ನು ಮೊದಲಿಟ್ಟಿತು ಅನ್ನೋ ಆಧಾರದ ಮೇಲೆ ಪಟ್ಟ ತನ್ನದೇ ಅಂದಿತು. ಆದ್ದರಿಂದ ‘ಹೇಳಿಕೊಳ್ಳುವ ಪಟ್ಟ’ಗಳನ್ನು ಪಕ್ಕಕ್ಕಿಡಿ. 1936ರಿಂದ ನಡೆದುಬಂದಿರುವ ಎಪಿ ಪಟ್ಟಿಯನ್ನೇ ಆಧಾರ ಮಾಡಿಕೊಳ್ಳಿ. ಅದರ ಪ್ರಕಾರ ಅಲಬಾಮಾಕ್ಕೆ 12, ನೋಟರ್ ಡೇಮ್‌ಗೆ 8, ಒಕ್ಲಹೋಮಾಕ್ಕೆ 7, ಒಹಾಯೊ ಸ್ಟೇಟ್‌ಗೆ 6, ಯುಎಸ್‌ಸಿಗೆ 5.

ಎಪಿಯಲ್ಲೂ ಕೊಂಕುಗಳಿವೆ. 1965ರ ಒಂದು ವರ್ಷ ಬಿಟ್ಟರೆ 1967ರವರೆಗೆ ಕೊನೆಯ ಮತದಾನ ಬೌಲ್ ಪಂದ್ಯಗಳಿಗೆ, ಅಂದರೆ ಋತು ಮುಗಿದ ಮೇಲೆ ಆಹ್ವಾನಿತ ತಂಡಗಳ ನಡುವೆ ನಡೆಯುವ ಪಂದ್ಯಗಳಿಗೆ, ಮುಂಚೆಯೇ ಮುಗಿದುಹೋಗುತ್ತಿತ್ತು. 1960ರ ಮಿನೆಸೋಟಾ ಪಟ್ಟ ಗೆದ್ದ ಮೇಲೆ ರೋಸ್ ಬೌಲ್‌ನಲ್ಲಿ ವಾಷಿಂಗ್ಟನ್‌ಗೆ ಸೋತಿತು, ಪಟ್ಟ ಮಾತ್ರ ಉಳಿಯಿತು. ಕೋಚ್‌ಗಳೇ ಮತ ಹಾಕುವ ಇನ್ನೊಂದು ಶ್ರೇಯಾಂಕ ಈ ದೋಷ ತಿದ್ದಿಕೊಂಡಿದ್ದು 1974ರಲ್ಲಿ. ಅದಕ್ಕೆ ಹಿಂದಿನ ವರ್ಷವಷ್ಟೇ ಅಲಬಾಮಾ ಆ ಪಟ್ಟ ಪಡೆದು, ನಂತರ ಶುಗರ್ ಬೌಲ್‌ನಲ್ಲಿ ನೋಟರ್ ಡೇಮ್‌ಗೆ 24-23ರಿಂದ ಸೋತಿತ್ತು. ಇನ್ನೊಂದು: 1961ರಿಂದ 1967ರವರೆಗೆ ಎಪಿ ಪಟ್ಟಿಯಲ್ಲಿ ಇದ್ದದ್ದೇ 10 ತಂಡ. 1968ರಿಂದ 20, 1989ರಿಂದ 25. ‘ಟಾಪ್ 25ರಲ್ಲಿ ಎಷ್ಟು ಸಲ’ ಅಂತ ಎಣಿಸಿದರೆ ಹಳೆಯ ತಂಡಗಳಿಗೆ ಅನ್ಯಾಯವಾಗುತ್ತೆ. ಎಣಿಸೋದಾದರೆ ಟಾಪ್ 10 ಮಾತ್ರ ಎಣಿಸಿ.

ಒಟ್ಟು ಗೆಲುವುಗಳ ಸಂಖ್ಯೆಯೂ ಒಂಟಿಯಾಗಿ ಕೆಲಸಕ್ಕೆ ಬಾರದು. ಮಿಷಿಗನ್ 2023ರ ನವೆಂಬರ್ 18ರಂದು ಮೇರಿಲ್ಯಾಂಡ್ ವಿರುದ್ಧ ಗೆದ್ದು 1,000 ಗೆಲುವು ಮುಟ್ಟಿದ ಮೊದಲ ತಂಡವಾಯಿತು, ದೊಡ್ಡ ಸಾಧನೆಯೇ. ಆದರೆ ಈಗ ಫೈನಲ್‌ವರೆಗೆ ಹೋದ ತಂಡ 15-16 ಪಂದ್ಯ ಆಡುತ್ತೆ. 1930ರ ದಶಕದಲ್ಲಿ 8-9 ಆಡಿದರೆ ಋತು ಮುಗಿಯುತ್ತಿತ್ತು. ಶಿಕ್ಷೆಯಾಗಿ ಅಳಿಸಿಹಾಕಿದ ಗೆಲುವುಗಳೂ ಇವೆ: ಅಲಬಾಮಾದ 2005-07ರ 21 ಗೆಲುವು, ಒಹಾಯೊ ಸ್ಟೇಟ್‌ನ 2010ರ 12 ಗೆಲುವು ಅಧಿಕೃತ ಲೆಕ್ಕದಲ್ಲಿಲ್ಲ. ಮೈದಾನದಲ್ಲಿ ಏನಾಯಿತು ಅನ್ನೋದು ಬೇಕಿದ್ದರೆ ಅವನ್ನು ಮತ್ತೆ ಸೇರಿಸಿಕೊಳ್ಳಬೇಕು. ಹೆಚ್ಚುವರಿ ಅವಧಿ ಬರುವ ಮುಂಚಿನ, ಅಂದರೆ 1996ಕ್ಕೆ ಹಿಂದಿನ ಸಮಬಲ ಪಂದ್ಯಗಳನ್ನು ಅರ್ಧ ಗೆಲುವು ಅಂತ ಹಿಡಿದು ಶೇಕಡಾವಾರು ತೆಗೆಯೋದು ರೂಢಿ.

ಬೌಲ್ ಪಂದ್ಯಗಳ ಎಣಿಕೆ ಎಲ್ಲಕ್ಕಿಂತ ಮೋಸ. ನೋಟರ್ ಡೇಮ್ 1925ರ ರೋಸ್ ಬೌಲ್ ಆದಮೇಲೆ 1969ರ ಋತುವಿನವರೆಗೆ ಬೌಲ್‌ಗೇ ಹೋಗಲಿಲ್ಲ. ಅದು ವಿಶ್ವವಿದ್ಯಾಲಯದ ನಿರ್ಧಾರವಾಗಿತ್ತು. ಮಿಷಿಗನ್, ಒಹಾಯೊ ಸ್ಟೇಟ್ ಇರುವ ಬಿಗ್ ಟೆನ್ ಲೀಗ್ 1975ರವರೆಗೆ ಒಂದೇ ತಂಡವನ್ನು, ಅದೂ ರೋಸ್ ಬೌಲ್‌ಗೆ ಮಾತ್ರ ಕಳಿಸುತ್ತಿತ್ತು. ಅದರಿಂದಾಗಿ 1972ರಿಂದ 1974ರವರೆಗೆ ಮಿಷಿಗನ್ 30 ಗೆದ್ದು, 2 ಸೋತು, 1 ಸಮ ಮಾಡಿಕೊಂಡರೂ ಒಂದು ಬೌಲ್ ಕೂಡ ಆಡಲಿಲ್ಲ!

ಇನ್ನು ಪರೀಕ್ಷೆ. 1936ರಿಂದ ಈಚೆಗೆ ಪ್ರತಿ ದಶಕಕ್ಕೂ ಒಂದು ಕಾಲಂ ಹಾಕಿ. ಪ್ರತಿ ತಂಡಕ್ಕೆ ಆ ದಶಕದಲ್ಲಿ ಎಪಿ ಟಾಪ್ 10ರಲ್ಲಿ ಎಷ್ಟು ಸಲ ಮುಗಿಸಿತು ಅಂತ ಬರೆಯಿರಿ. ಪಕ್ಕದಲ್ಲಿ ಆ ಸ್ಥಾನಗಳನ್ನು ತಂದುಕೊಟ್ಟ ಕೋಚ್‌ಗಳ ಹೆಸರು ಬರೆಯಿರಿ. ಆಮೇಲೆ ಆ ತಂಡದ ಅತಿ ದೊಡ್ಡ ಕೋಚ್‌ನ ಸಾಲನ್ನು ಪೂರ್ತಿ ಹೊಡೆದುಹಾಕಿ. ಉಳಿದದ್ದು ಇನ್ನೂ ದೊಡ್ಡ ತಂಡದ ಚರಿತ್ರೆಯಂತೆ ಕಾಣುತ್ತಾ? ಈ ಪ್ರಶ್ನೆಗೆ ಬರುವ ಉತ್ತರವನ್ನು ನಾನು ಬೇರೆಲ್ಲ ಅಂಕಿಗಳಿಗಿಂತ ಹೆಚ್ಚು ನಂಬ್ತೀನಿ.

ಅಲಬಾಮಾದಿಂದ ನಿಕ್ ಸೇಬನ್ ಅವರ 6 ಪಟ್ಟ ತೆಗೆಯಿರಿ, ಬೇರ್ ಬ್ರಯಂಟ್ ಉಳಿಯುತ್ತಾರೆ. ಬ್ರಯಂಟ್ ಅವರನ್ನೂ ತೆಗೆಯಿರಿ, ವಾಲೇಸ್ ವೇಡ್, ಫ್ರಾಂಕ್ ಥಾಮಸ್, 1992ರ ಜೀನ್ ಸ್ಟಾಲಿಂಗ್ಸ್ ಉಳಿಯುತ್ತಾರೆ. ಒಹಾಯೊ ಸ್ಟೇಟ್‌ಗೆ ಪಾಲ್ ಬ್ರೌನ್, ವುಡಿ ಹೇಸ್, ಜಿಮ್ ಟ್ರೆಸೆಲ್, ಅರ್ಬನ್ ಮೇಯರ್, 2024ರಲ್ಲಿ ರಯನ್ ಡೇ, ಹೀಗೆ ಪಟ್ಟ ಗೆದ್ದ ಐದು ಕೋಚ್‌ಗಳು. ನೋಟರ್ ಡೇಮ್‌ಗೂ ಐದು: ರಾಕ್ನಿ, ಲೇಹಿ, ಪಾರ್ಸೀಗಿಯನ್, ಡಿವೈನ್, ಹೋಲ್ಟ್ಜ್. ಒಕ್ಲಹೋಮಾಕ್ಕೆ ವಿಲ್ಕಿನ್ಸನ್, ಸ್ವಿಟ್ಜರ್, ಸ್ಟೂಪ್ಸ್.

ಅದೇ ಪರೀಕ್ಷೆಯನ್ನು ಫ್ಲೋರಿಡಾ ಸ್ಟೇಟ್ ಮೇಲೆ ಮಾಡಿ. ಬಾಬಿ ಬೌಡನ್ ಅವರ ಕೈಯಲ್ಲಿ 1987ರಿಂದ 2000ದವರೆಗೆ 14 ಋತು ಸತತವಾಗಿ ಎಪಿ ಟಾಪ್ 5ರಲ್ಲಿ ಮುಗಿಸಿದ ತಂಡ ಅದು. ಅಂಥ ಓಟ ಈ ಎಂಟರಲ್ಲಿ ಯಾವುದಕ್ಕೂ ಸುಲಭವಲ್ಲ. ಆದರೆ ಬೌಡನ್ ಅವರನ್ನು ತೆಗೆದರೆ 2013ರ ಒಂದು ಪಟ್ಟ ಮತ್ತು ಅದರ ಅಕ್ಕಪಕ್ಕದ ಕೆಲವು ಒಳ್ಳೆಯ ವರ್ಷ, ಅಷ್ಟೇ ಉಳಿಯೋದು.

---

ಗೋಲ್‌ಲೈನ್

ಮೇಲಿನ ಉತ್ತರ ಅಳೆಯೋದು ಹೇಗೆ ಅಂತ ಹೇಳಿತು. ಈ ಎಂಟೇ ಯಾಕೆ ಮೇಲೆ ಬಂದವು ಅನ್ನೋದಕ್ಕೆ ಕಾರಣಗಳು ಬೇರೆ ಕಡೆ ಇವೆ. ನನ್ನ ಪ್ರಕಾರ ಮುಖ್ಯವಾದದ್ದು 1920ರ ದಶಕ.

ಆಟ ಶುರುವಾಗಿದ್ದು ಪೂರ್ವ ಕರಾವಳಿಯಲ್ಲಿ: 1869ರ ನವೆಂಬರ್ 6, ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್. ಮೊದಲ ಐವತ್ತು ವರ್ಷ ಯೇಲ್, ಪ್ರಿನ್ಸ್‌ಟನ್, ಹಾರ್ವರ್ಡ್‌ಗಳೇ ರಾಜರು. ಹಳೆಯ ವೈಭವವಷ್ಟೇ ಸಾಕಾಗಿದ್ದರೆ ಇವತ್ತಿಗೂ ಯೇಲ್ ಪಟ್ಟಿಯ ತುದಿಯಲ್ಲಿರಬೇಕಿತ್ತು. ಈ ಮೂರೂ ಸೇರಿದ ಐವಿ ಲೀಗ್ ವಿಶ್ವವಿದ್ಯಾಲಯಗಳು ಒಪ್ಪಂದ ಮಾಡಿಕೊಂಡು ಆಟಗಾರರಿಗೆ ಕ್ರೀಡಾ ಸ್ಕಾಲರ್‌ಶಿಪ್ ಬೇಡ ಅಂದವು, ಪೈಪೋಟಿಯಿಂದ ಹೊರಬಂದವು. ಶಿಕಾಗೊ ವಿಶ್ವವಿದ್ಯಾಲಯದ ಕಥೆ ಇನ್ನೂ ಖಚಿತ. ಬಿಗ್ ಟೆನ್‌ನ ಸ್ಥಾಪಕ ಸದಸ್ಯ, ಅಮೋಸ್ ಅಲೊಂಜೊ ಸ್ಟ್ಯಾಗ್ ಅವರ ತಂಡ, 1935ರ ಮೊಟ್ಟಮೊದಲ ಹೈಸ್‌ಮನ್ ಗೆದ್ದ ಜೇ ಬರ್‌ವಾಂಗರ್ ಅಲ್ಲಿಯವರೇ. 1939ರಲ್ಲಿ ಆಡಳಿತ ತಂಡವನ್ನೇ ಮುಚ್ಚಿಬಿಟ್ಟಿತು. ಅಂದರೆ ಮೊದಲ ಷರತ್ತು ಇದು: ಅಧ್ಯಕ್ಷರು, ಆಡಳಿತ ಮಂಡಳಿ, ಹಳೆಯ ವಿದ್ಯಾರ್ಥಿಗಳು ನೂರು ವರ್ಷ ಬೇಸರವಿಲ್ಲದೆ ಫುಟ್‌ಬಾಲ್ ಬೇಕು ಅನ್ನಬೇಕು.

ಮೊದಲ ಮಹಾಯುದ್ಧದ ನಂತರ ದೊಡ್ಡ ರಾಜ್ಯ ವಿಶ್ವವಿದ್ಯಾಲಯಗಳು ಕಾಂಕ್ರೀಟ್ ಕ್ರೀಡಾಂಗಣಗಳನ್ನು ಎತ್ತಿದವು. ಒಹಾಯೊ ಸ್ಟೇಡಿಯಂ 1922, ನೆಬ್ರಾಸ್ಕಾದ ಮೆಮೋರಿಯಲ್ 1923, ಯುಎಸ್‌ಸಿ ಆಡುವ ಲಾಸ್ ಏಂಜಲೀಸ್ ಕೊಲಿಸಿಯಂ 1923, ಟೆಕ್ಸಸ್ 1924, ಮಿಷಿಗನ್ 1927. ಮಿಷಿಗನ್‌ನದು ತೆರೆದಾಗಲೇ 72,000 ಆಸನದ್ದು; ಈಗ 107,601. ಟಿಕೆಟ್ ಬಿಟ್ಟರೆ ದೊಡ್ಡ ಆದಾಯವೇ ಇಲ್ಲದಿದ್ದ ಆ ಕಾಲದಲ್ಲಿ ತುಂಬಿದ ಕ್ರೀಡಾಂಗಣ ಇದ್ದವರಿಗೆ ಒಳ್ಳೆಯ ಕೋಚ್, ದೂರ ಪ್ರಯಾಣ, ದೊಡ್ಡ ಎದುರಾಳಿ ಎಲ್ಲಾ ಸಿಗುತ್ತಿತ್ತು. ಆ ಮುನ್ನಡೆಯನ್ನು ತಡವಾಗಿ ಬಂದವರು ಸುಲಭವಾಗಿ ಮುಚ್ಚಲಾಗಲಿಲ್ಲ. ಅಲಬಾಮಾ ಇಲ್ಲಿ ಅಪವಾದ: ಅದರ ಸ್ವಂತ ಮೈದಾನ 1929ರಲ್ಲಿ ಶುರುವಾದಾಗ 12,000 ಜನಕ್ಕೆ ಮಾತ್ರ, ದೊಡ್ಡ ಪಂದ್ಯಗಳು ಬರ್ಮಿಂಗ್‌ಹ್ಯಾಮ್‌ನ ಲೀಜನ್ ಫೀಲ್ಡ್‌ನಲ್ಲಿ ನಡೆಯುತ್ತಿದ್ದವು. ಅದಕ್ಕೆ ಹೆಸರು ತಂದಿದ್ದು 1926ರ ಜನವರಿ 1ರ ರೋಸ್ ಬೌಲ್. ವಾಷಿಂಗ್ಟನ್ ವಿರುದ್ಧ 20-19ರ ಆ ಗೆಲುವು ಇಡೀ ದಕ್ಷಿಣ ರಾಜ್ಯಗಳಿಗೆ ಸ್ವಾಭಿಮಾನದ ಸಂಗತಿಯಾಯಿತು.

ನೋಟರ್ ಡೇಮ್‌ಗೆ ಬೇರೆಯದೇ ದಾರಿ. ಬಿಗ್ ಟೆನ್ ಸೇರಿಸಿಕೊಳ್ಳಲಿಲ್ಲ, ಆದ್ದರಿಂದ ದೇಶ ಸುತ್ತಿ ಆಡಬೇಕಾಯಿತು. 1913ರಲ್ಲಿ ಆರ್ಮಿಯನ್ನು (ಸೇನಾ ಅಕಾಡೆಮಿಯ ತಂಡ) ಅದರದೇ ನೆಲದಲ್ಲಿ 35-13ರಿಂದ ಸೋಲಿಸಿತು, 1926ರಿಂದ ಯುಎಸ್‌ಸಿ ಜೊತೆ ಸರಣಿ ಶುರುಮಾಡಿತು. 1929ರಲ್ಲಿ ತನ್ನ ಕ್ರೀಡಾಂಗಣ ಕಟ್ಟುತ್ತಿದ್ದಾಗ ಒಂದು ಪಂದ್ಯವೂ ಕ್ಯಾಂಪಸ್‌ನಲ್ಲಿ ಆಡದೆ 9ಕ್ಕೆ 9 ಗೆದ್ದಿತು. ಅಷ್ಟೊತ್ತಿಗೆ ರೇಡಿಯೊ ಬಂದಿತ್ತು. ಆ ಕಾಲೇಜಿನ ಮೆಟ್ಟಿಲು ಹತ್ತದ ಕ್ಯಾಥೊಲಿಕ್ ವಲಸಿಗ ಕುಟುಂಬಗಳು ನ್ಯೂಯಾರ್ಕ್, ಶಿಕಾಗೊಗಳಲ್ಲಿ ಕೂತು ಅದನ್ನು ತಮ್ಮ ತಂಡ ಅಂದುಕೊಂಡವು. 1991ರಿಂದ ಟಿವಿ ವಾಹಿನಿ ಎನ್‌ಬಿಸಿ ಅದರ ತವರು ಪಂದ್ಯಗಳನ್ನು ಪ್ರತ್ಯೇಕವಾಗಿ ಕೊಂಡು ಪ್ರಸಾರ ಮಾಡುತ್ತಿರುವುದಕ್ಕೆ ಬೇರು ಅಲ್ಲಿದೆ.

ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗೋ ಕಾರಣ ಆಟಗಾರರು ಎಲ್ಲಿ ಹುಟ್ಟುತ್ತಾರೆ ಅನ್ನೋದು. ಟೆಕ್ಸಸ್, ಕ್ಯಾಲಿಫೋರ್ನಿಯಾ, ಒಹಾಯೊ ತಂಡಗಳಿಗೆ ಮನೆಯಂಗಳದಲ್ಲೇ ಪ್ರತಿಭೆ. ಒಕ್ಲಹೋಮಾ ಚಿಕ್ಕ ರಾಜ್ಯ, ಆದರೆ ನಾರ್ಮನ್‌ನಿಂದ ಡಲ್ಲಸ್ ಸುಮಾರು 300 ಕಿ.ಮೀ.; ಪ್ರತಿ ಅಕ್ಟೋಬರ್‌ನಲ್ಲಿ ಡಲ್ಲಸ್‌ನ ಕಾಟನ್ ಬೌಲ್ ಮೈದಾನದಲ್ಲಿ ಟೆಕ್ಸಸ್ ವಿರುದ್ಧ ಆಡೋದೇ ಆ ನಗರದ ಹುಡುಗರಿಗೆ ಅತಿ ದೊಡ್ಡ ಆಹ್ವಾನ.

ವರ್ಣಭೇದವನ್ನು ಬಿಟ್ಟು ಈ ಲೆಕ್ಕ ಪೂರ್ತಿಯಾಗಲ್ಲ. ದಕ್ಷಿಣದ ವಿಶ್ವವಿದ್ಯಾಲಯಗಳು ಕಪ್ಪು ಆಟಗಾರರನ್ನು ಸೇರಿಸಿಕೊಳ್ಳದೇ ಇದ್ದಾಗ ಅವರು ಉತ್ತರಕ್ಕೆ ಹೋದರು. 1960ರಲ್ಲಿ ಮಿನೆಸೋಟಾವನ್ನು ಮುನ್ನಡೆಸಿದ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸುವ ಮುಖ್ಯ ಆಟಗಾರ) ಸ್ಯಾಂಡಿ ಸ್ಟೀವನ್ಸ್ ಕಪ್ಪು ವರ್ಣೀಯರು. 1965-66ರ ಮಿಷಿಗನ್ ಸ್ಟೇಟ್‌ನ ಬಲ ನಿಂತಿದ್ದೇ ಬಬ್ಬಾ ಸ್ಮಿತ್ ತರಹದವರ ಮೇಲೆ. ಅವರು ಟೆಕ್ಸಸ್‌ನ ಬೋಮಾಂಟ್‌ನವರು. 1969ರ ಟೆಕ್ಸಸ್ ತಂಡ ಕಪ್ಪು ಆಟಗಾರರಿಲ್ಲದೆ ಪಟ್ಟ ಗೆದ್ದ ಕೊನೆಯ ತಂಡ. 1970ರ ಸೆಪ್ಟೆಂಬರ್‌ನಲ್ಲಿ ಯುಎಸ್‌ಸಿ ಬರ್ಮಿಂಗ್‌ಹ್ಯಾಮ್‌ಗೆ ಬಂದು ಅಲಬಾಮಾವನ್ನು 42-21ರಿಂದ ಸೋಲಿಸಿತು. ಆ ಹೊತ್ತಿಗಾಗಲೇ ಬ್ರಯಂಟ್ ಮೊದಲ ಕಪ್ಪು ಸ್ಕಾಲರ್‌ಶಿಪ್ ಆಟಗಾರನನ್ನು ಸೇರಿಸಿಕೊಂಡಿದ್ದರು. ಬಾಗಿಲು ತೆರೆದ ಮೇಲೆ ದಕ್ಷಿಣದ ಹುಡುಗರು ದಕ್ಷಿಣದಲ್ಲೇ ಉಳಿದರು. ಎಪಿ ಪಟ್ಟವನ್ನು ನಾಲ್ಕು ಸಲ ಗೆದ್ದಿದ್ದ ಮಿನೆಸೋಟಾ ಮತ್ತೆ ಆ ಎತ್ತರ ಮುಟ್ಟಲಿಲ್ಲ. ಒಹಾಯೊ ಸ್ಟೇಟ್ ಮತ್ತು ಮಿಷಿಗನ್ ತಡೆದುಕೊಂಡವು, ಒಹಾಯೊ ರಾಜ್ಯದ ಹೈಸ್ಕೂಲ್ ಫುಟ್‌ಬಾಲ್ ಅಷ್ಟು ಸಮೃದ್ಧವಾಗಿತ್ತು.

ದುಡ್ಡಿನ ಬಗ್ಗೆ ಒಂದೇ ಮಾತು: ಬೇಕು, ಆದರೆ ಸಾಲದು. ಟೆಕ್ಸಸ್ ಎ&ಎಂ ಕ್ರೀಡಾಂಗಣಕ್ಕೆ 102,733 ಆಸನ, ಸುತ್ತ ಪ್ರತಿಭೆಯ ಕಣಜ. 2023ರಲ್ಲಿ ಕೋಚ್ ಜಿಂಬೊ ಫಿಶರ್ ಅವರನ್ನು ತೆಗೆಯೋಕೆ ಸುಮಾರು 7.6 ಕೋಟಿ ಡಾಲರ್ ಬಾಕಿ ಒಪ್ಪಿಕೊಂಡಿತು. ಅದರ ಎಪಿ ಪಟ್ಟ ಒಂದೇ, 1939ರದು.

---

ಮೂರನೇ_ಡೌನ್

ಇಬ್ಬರಿಗೂ ಧನ್ಯವಾದ. ಕೋಚ್ ಪರೀಕ್ಷೆ ಮಾಡಿ ನೋಡಿದೆ, ತೊಡಕು ಸಿಕ್ಕಿತು. ಪಟ್ಟ ಗೆದ್ದ ಕೋಚ್‌ಗಳು ಟೆಕ್ಸಸ್‌ಗೆ ಇಬ್ಬರೇ: ಡ್ಯಾರೆಲ್ ರಾಯಲ್, ಮ್ಯಾಕ್ ಬ್ರೌನ್. ನೆಬ್ರಾಸ್ಕಾಕ್ಕೂ ಇಬ್ಬರೇ: ಡೆವೇನಿ, ಆಸ್‌ಬಾರ್ನ್. ಎಲ್‌ಎಸ್‌ಯುಗೆ (ಲೂಸಿಯಾನಾ ಸ್ಟೇಟ್) ನಾಲ್ವರು: 1958ರಲ್ಲಿ ಡೀಟ್ಜೆಲ್, 2003ರಲ್ಲಿ ಸೇಬನ್, 2007ರಲ್ಲಿ ಲೆಸ್ ಮೈಲ್ಸ್, 2019ರಲ್ಲಿ ಆರ್ಜೆರಾನ್. ಮಯಾಮಿಗೂ ನಾಲ್ವರು. ಹಾಗಾದರೆ ಎಲ್‌ಎಸ್‌ಯು ಒಳಗೆ ಬಂದು ನೆಬ್ರಾಸ್ಕಾ ಹೊರಗೆ ಹೋಗಬೇಕಲ್ಲವೇ?

---

ವಿಶ್‌ಬೋನ್

ನೆಬ್ರಾಸ್ಕಾ ವಿಷಯ ವಿವರವಾಗಿ ನೋಡೋಣ. ಆ ತಂಡ ಮೇಲೆ ಬಂದದ್ದು, ಕೆಳಗೆ ಬಿದ್ದದ್ದು ಎರಡಕ್ಕೂ ಕಾರಣ ಸ್ಪಷ್ಟವಾಗಿ ಕಾಣುತ್ತೆ.

ಪಟ್ಟಗಳ ಎಣಿಕೆ ಮುಚ್ಚಿಡೋ ಸಂಗತಿ ಅದರ ನಿರಂತರತೆ. 1962ರಿಂದ 2001ರವರೆಗೆ 40 ಋತುಗಳಲ್ಲಿ ಒಂದರಲ್ಲೂ ಗೆಲುವಿಗಿಂತ ಸೋಲು ಹೆಚ್ಚಾಗಲಿಲ್ಲ. 1969ರಿಂದ 2001ರವರೆಗೆ 33 ಋತು ಸತತ, ವರ್ಷಕ್ಕೆ ಕನಿಷ್ಠ 9 ಗೆಲುವು. 1969ರಿಂದ 2003ರವರೆಗೆ 35 ವರ್ಷ ಬಿಡದೆ ಬೌಲ್. ಟಾಮ್ ಆಸ್‌ಬಾರ್ನ್ 25 ವರ್ಷದಲ್ಲಿ 255 ಪಂದ್ಯ ಗೆದ್ದರು. ಲಿಂಕನ್‌ನ ಕ್ರೀಡಾಂಗಣದ ಟಿಕೆಟ್‌ಗಳು 1962ರ ನವೆಂಬರ್‌ನಿಂದ ಪ್ರತಿ ಪಂದ್ಯಕ್ಕೂ ಮಾರಾಟವಾಗಿವೆ. 400 ಪಂದ್ಯ ದಾಟಿದೆ. ಪೂರ್ತಿ ರಾಜ್ಯದ ಜನಸಂಖ್ಯೆ 20 ಲಕ್ಷದ ಆಸುಪಾಸು ಅನ್ನೋದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಅಷ್ಟು ಕಡಿಮೆ ಜನರ ರಾಜ್ಯ ಅದನ್ನು ಹೇಗೆ ಸಾಧಿಸಿತು? 1969ರಲ್ಲೇ ಬಾಯ್ಡ್ ಎಪ್ಲಿ ಅವರನ್ನು ಶಕ್ತಿ ತರಬೇತಿಗೆಂದೇ ನೇಮಿಸಿಕೊಂಡಿತು. ಆಗ ಹೆಚ್ಚಿನ ತಂಡಗಳು ಭಾರ ಎತ್ತಿದರೆ ಆಟಗಾರ ನಿಧಾನವಾಗ್ತಾನೆ ಅಂತ ನಂಬಿದ್ದವು. ಎರಡನೆಯದು ವಾಕ್-ಆನ್ ಪದ್ಧತಿ. ಸ್ಕಾಲರ್‌ಶಿಪ್ ಇಲ್ಲದೆ ತಂಡ ಸೇರುವ ಊರೂರ ಹುಡುಗರನ್ನು ಮೂರ್ನಾಲ್ಕು ವರ್ಷ ಬೆಳೆಸಿ ಲೈನ್‌ನಲ್ಲಿ, ಅಂದರೆ ಎದುರಾಳಿಯನ್ನು ತಡೆಯುವ ಮುಂಚೂಣಿ ಸಾಲಿನಲ್ಲಿ, ನಿಲ್ಲಿಸೋದು. ಚೆಂಡು ಹಿಡಿದು ಓಡೋದಕ್ಕೇ ಒತ್ತು ಕೊಡುವ ಆಪ್ಷನ್ ಆಟಕ್ಕೆ ಇದು ಹೇಳಿಮಾಡಿಸಿದ್ದು, ಯಾಕೆಂದರೆ ಅಲ್ಲಿ ಲೈನ್‌ಮನ್‌ಗೆ ಬೇಕಾದದ್ದು ಶಕ್ತಿ, ಕೋನ, ಪುನರಾವರ್ತನೆ.

ಕಳಚಿದ್ದು ಹಂತಹಂತವಾಗಿ. ಸ್ಕಾಲರ್‌ಶಿಪ್ ಮಿತಿ 1973ರಲ್ಲಿ 105, 1978ರಲ್ಲಿ 95, 1992ರಿಂದ ಇಳಿಯುತ್ತ 1994ಕ್ಕೆ 85. ದೊಡ್ಡ ತಂಡಗಳು ಕೂಡಿಟ್ಟುಕೊಳ್ಳುತ್ತಿದ್ದ ಆಟಗಾರರು ಬೇರೆ ಕಡೆ ಹರಿದರು. 1996ರಲ್ಲಿ ನೆಬ್ರಾಸ್ಕಾ ಸೇರಿದ ಹೊಸ ಲೀಗ್ ಬಿಗ್ 12 ಶುರುವಾದಾಗ, ಪ್ರವೇಶದ ಅಂಕಗಳನ್ನು ಪೂರ್ತಿ ಮುಟ್ಟದ ಆಟಗಾರರನ್ನು ಸೇರಿಸಿಕೊಳ್ಳೋದಕ್ಕೆ ಕಡಿವಾಣ ಬಿತ್ತು; ನೆಬ್ರಾಸ್ಕಾಕ್ಕೆ ಅದು ಒಳ್ಳೆಯ ಮೂಲವಾಗಿತ್ತು. ಅದೇ ಲೀಗ್ ವ್ಯವಸ್ಥೆಯಲ್ಲಿ ಒಕ್ಲಹೋಮಾ ಜೊತೆ ಪ್ರತಿ ವರ್ಷ ಆಡೋ ಪಂದ್ಯವೂ ಹೋಯಿತು. 2003ರಲ್ಲಿ 9-3 (9 ಗೆಲುವು, 3 ಸೋಲು) ಇದ್ದಾಗ ಫ್ರಾಂಕ್ ಸೋಲಿಚ್ ಅವರನ್ನು ತೆಗೆದು ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಿಂದ ಬಿಲ್ ಕ್ಯಾಲಹನ್ ಅವರನ್ನು ತಂದರು. ಅವರು ತಂದ ಪಾಸ್ ಆಟಕ್ಕೆ (ಚೆಂಡು ಎಸೆದು ಮುನ್ನಡೆಯೋದು) ಬೇಕಾದ ಆಟಗಾರರು ಅಲ್ಲಿ ಇರಲಿಲ್ಲ. ಇದ್ದವರನ್ನು ಬೆಳೆಸಿದ ಪದ್ಧತಿ ಹೊಸ ಆಟಕ್ಕೆ ಹೊಂದಲಿಲ್ಲ. 2004ರಲ್ಲಿ 5-6, 1961ರ ನಂತರ ಮೊದಲ ಸಲ ಸೋಲು ಹೆಚ್ಚಾದ ಋತು. 2011ರಲ್ಲಿ ಬಿಗ್ ಟೆನ್‌ಗೆ ಹೋದಾಗ ಟೆಕ್ಸಸ್ ರಾಜ್ಯದಲ್ಲಿ ಆಡುವ ಅವಕಾಶವೂ, ಅದರ ಜೊತೆ ಅಲ್ಲಿನ ಹುಡುಗರೂ ದೂರವಾದರು. 2018-22ರ ಸ್ಕಾಟ್ ಫ್ರಾಸ್ಟ್ ಕಾಲ 16 ಗೆಲುವು, 31 ಸೋಲು.

ಇದರಲ್ಲಿ ಯಾವ ಒಂದು ಕಾರಣವೂ ತಾನೊಂದೇ ಬೀಳಿಸುವಂಥದ್ದಲ್ಲ. ಬೇರೆ ಏಳು ತಂಡಗಳಿಗೆ ಮನೆಯ ಹತ್ತಿರವೋ, ದೇಶದಾದ್ಯಂತವೋ ಪ್ರತಿಭೆಯ ಇನ್ನೊಂದು ಮೂಲ ಇತ್ತು. ನೆಬ್ರಾಸ್ಕಾಕ್ಕೆ ಇದ್ದದ್ದು ಪದ್ಧತಿ ಮಾತ್ರ. ಪದ್ಧತಿ ಮುರಿದ ಮೇಲೆ ಆಸರೆ ಇರಲಿಲ್ಲ.

ಹಾಗಾಗಿ ಕೋಚ್ ಪರೀಕ್ಷೆಗೆ ಇನ್ನೊಂದು ಪರೀಕ್ಷೆ ಜೋಡಿಸಬೇಕು ಅಂತ ನನ್ನ ವಾದ: ಬಿದ್ದ ಮೇಲೆ ಎಷ್ಟು ಬೇಗ, ಯಾರ ಕೈಯಿಂದ ಎದ್ದಿತು? ಒಕ್ಲಹೋಮಾ 1996ರಲ್ಲಿ 3-8, 2000ದಲ್ಲಿ 13-0. ಅಲಬಾಮಾ 2002ರಲ್ಲಿ ಎರಡು ವರ್ಷದ ಬೌಲ್ ನಿಷೇಧ ತಿಂದು, 2003ರಲ್ಲಿ 4-9 ಆಗಿ, 2009ರಲ್ಲಿ 14-0. ಮಿಷಿಗನ್ 2008ರಲ್ಲಿ 3-9, 2020ರಲ್ಲಿ 2-4, 2023ರಲ್ಲಿ 15-0. ನೋಟರ್ ಡೇಮ್ 2016ರಲ್ಲಿ 4-8, 2024ರಲ್ಲಿ ಫೈನಲ್. ಯುಎಸ್‌ಸಿಗೆ 2010ರಲ್ಲಿ ಎರಡು ವರ್ಷ ಬೌಲ್ ನಿಷೇಧ, 30 ಸ್ಕಾಲರ್‌ಶಿಪ್ ಕಡಿತ. ಆ ಪೆಟ್ಟಿನಿಂದ ಅದು ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ. ನೆಬ್ರಾಸ್ಕಾ ಎದ್ದೇ ಇಲ್ಲ. ಪಟ್ಟಿಯಲ್ಲಿ ಇಬ್ಬರು ಜಾರುತ್ತಿದ್ದಾರೆ ಅಂತ ಯಾರಾದರೂ ಅಂದರೆ ನಾನು ಜಗಳ ಆಡಲ್ಲ. ಆದರೆ 40 ವರ್ಷದ ಆ ದಾಖಲೆಯನ್ನು 20 ವರ್ಷದ ಕುಸಿತ ಅಳಿಸಿಬಿಡುತ್ತೆ ಅಂತಲೂ ಒಪ್ಪಲ್ಲ.

---

ಹಳೇದಾಖಲೆ

@ಮೂರನೇ_ಡೌನ್, ಎಲ್‌ಎಸ್‌ಯು ವಿಷಯದಲ್ಲಿ ಕೋಚ್‌ಗಳ ಪಕ್ಕದಲ್ಲಿ ದಶಕದ ಕಾಲಂ ನೋಡಿ. 1989ರಿಂದ 1994ರವರೆಗೆ ಆರು ಋತು ಸತತವಾಗಿ ಸೋಲು ಹೆಚ್ಚು. 2003ರ ನಂತರದ ಎಲ್‌ಎಸ್‌ಯು ಯಾರಿಗೂ ಕಡಿಮೆಯಿಲ್ಲ. ಅದಕ್ಕೆ ಹಿಂದೆ ದಶಕಗಳ ಕಾಲ ಒಳ್ಳೆಯ ತಂಡ, ಶ್ರೇಷ್ಠ ತಂಡವಲ್ಲ. ಜಾರ್ಜಿಯಾದ್ದೂ ಹಾಗೇ: 1980ರಿಂದ 2021ಕ್ಕೆ 41 ವರ್ಷದ ಅಂತರ. ಮಿಷಿಗನ್‌ಗೂ 1948ರಿಂದ 1997ರವರೆಗೆ ಪಟ್ಟವಿಲ್ಲ ಅಂತ ನೀವು ಕೇಳಬಹುದು. ವ್ಯತ್ಯಾಸ ಏನೆಂದರೆ ಆ ಅಂತರದ ಒಳಗೆ ಬೋ ಶೆಂಬೆಕ್ಲರ್ ಅವರ 21 ಋತುಗಳಿವೆ, 13 ಬಿಗ್ ಟೆನ್ ಪ್ರಶಸ್ತಿಗಳಿವೆ. ಪಟ್ಟವಿಲ್ಲದ ವರ್ಷಗಳಲ್ಲಿ ತಂಡ ಎಲ್ಲಿತ್ತು ಅನ್ನೋದು ಪಟ್ಟದಷ್ಟೇ ಮಾತಾಡುತ್ತೆ.

ಮಯಾಮಿ 1983ರಿಂದ 2001ರವರೆಗೆ 19 ಋತುಗಳಲ್ಲಿ ನಾಲ್ಕು ಕೋಚ್‌ಗಳ ಕೈಯಲ್ಲಿ 5 ಪಟ್ಟ ಗೆದ್ದಿತು. ಪ್ರತಿಭೆ ಸುತ್ತಲೂ ಇತ್ತು. ಇಲ್ಲದಿದ್ದದ್ದು ಸ್ವಂತ ಕ್ರೀಡಾಂಗಣ ಮತ್ತು ದೊಡ್ಡ ಹಳೆಯ ವಿದ್ಯಾರ್ಥಿ ಬಳಗ. ಮೊದಲು ನಗರದ ಆರೆಂಜ್ ಬೌಲ್, 2008ರಿಂದ ಎನ್‌ಎಫ್‌ಎಲ್ ತಂಡದ ಮೈದಾನ. ಗೆಲ್ಲದ ವರ್ಷ ಆಸನಗಳು ಖಾಲಿ.

ನನ್ನನ್ನು ಕೇಳಿದರೆ ಎಂಟರ ಬಾಗಿಲಿಗೆ ಅತಿ ಹತ್ತಿರ ಇರೋದು ಪೆನ್ ಸ್ಟೇಟ್. 1968, 1969, 1973, 1994, ಈ ನಾಲ್ಕು ಋತುಗಳಲ್ಲಿ ಒಂದೂ ಸೋಲಿಲ್ಲ, ಒಂದೂ ಪಟ್ಟವಿಲ್ಲ. 1993ರವರೆಗೆ ಬಿಗ್ ಟೆನ್ ಹೊರಗಿದ್ದು ಪೂರ್ವದ ತಂಡಗಳ ಜೊತೆ ಆಡುತ್ತಿದ್ದ ಕಾರಣ ಮೊದಲ ಮೂರು ಸಲ ಮತದಾರರು ಅದರ ವೇಳಾಪಟ್ಟಿಯನ್ನು ಹಗುರವಾಗಿ ಕಂಡರು. 1969ರಲ್ಲಂತೂ ಅಧ್ಯಕ್ಷ ನಿಕ್ಸನ್ ಸ್ವತಃ ಟೆಕ್ಸಸ್‌ಗೆ ಫಲಕ ಕೊಟ್ಟು ಬಂದರು. ಸಿಕ್ಕ ಎರಡು ಪಟ್ಟ, 1982 ಮತ್ತು 1986, ಎರಡೂ ಜೋ ಪಟರ್ನೊ ಅವರವು. ಕೋಚ್ ಪರೀಕ್ಷೆಯಲ್ಲಿ ಅದು ಸೋಲೋದು ಅಲ್ಲೇ.

---

ಶನಿವಾರದ_ಸಾಲು

ಇಂಡಿಯಾನಾ ಪ್ರಶ್ನೆ ಹಾಗೇ ಉಳಿದಿದೆ, ಅದಕ್ಕೆ ಉತ್ತರ.

ಪಟ್ಟವನ್ನು ನಾಕೌಟ್ ಪಂದ್ಯಗಳಿಂದ ನಿರ್ಧರಿಸುವ ಪ್ಲೇಆಫ್ ಕಾಲದಲ್ಲಿ ಬಹಳ ಜನ ನಂಬಿದ್ದ ಒಂದು ಅಳತೆ ‘ಬ್ಲೂ ಚಿಪ್ ಅನುಪಾತ’. ಲೆಕ್ಕ ಸರಳ: ಕಳೆದ ನಾಲ್ಕು ವರ್ಷ ಹೈಸ್ಕೂಲ್‌ನಿಂದ ಸೇರಿಸಿಕೊಂಡ ಎಲ್ಲ ಆಟಗಾರರನ್ನು ಎಣಿಸಿ, ಅದರಲ್ಲಿ ಪ್ರತಿಭೆ ಅಳೆಯುವವರಿಂದ ನಾಲ್ಕು ಮತ್ತು ಐದು ಸ್ಟಾರ್ ಪಡೆದವರು ಎಷ್ಟು ಅಂತ ನೋಡಿ. ಶೇ. 50 ದಾಟದೆ ಪಟ್ಟ ಗೆಲ್ಲೋದು ಅಸಾಧ್ಯ ಅನ್ನೋ ಮಾತು ಅಲ್ಲಿಂದ ಬಂತು. ಇಂಡಿಯಾನಾ ಅದರ ಹತ್ತಿರಕ್ಕೂ ಬರದೆ ಗೆದ್ದಿತು. ಈ ಅನುಪಾತ ವರ್ಗಾವಣೆಯಾಗಿ ಬಂದವರನ್ನು ಎಣಿಸೋದೇ ಇಲ್ಲ. ಕೋಚ್ ಕರ್ಟ್ ಸಿಗ್ನೆಟ್ಟಿ ತಾವು ಹಿಂದೆ ಇದ್ದ ಜೇಮ್ಸ್ ಮ್ಯಾಡಿಸನ್‌ನಿಂದ ತಮ್ಮ ಆಟಗಾರರನ್ನೇ ಕರೆತಂದರು. ಹೈಸ್‌ಮನ್ ಗೆದ್ದ ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾ ಕ್ಯಾಲಿಫೋರ್ನಿಯಾದಿಂದ, ಅಂದರೆ ಬರ್ಕ್‌ಲಿಯಿಂದ ಬಂದವರು. 2024ಕ್ಕೆ ಮುಂಚೆ ಒಂದು ಋತುವಿನಲ್ಲೂ 10 ಗೆಲುವು ಕಾಣದ ತಂಡ ಅದು.

ನಿಯಮ ಬದಲಾದದ್ದು ಹೀಗೆ. 2018ರ ಅಕ್ಟೋಬರ್‌ನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಬೇರೆ ತಂಡಕ್ಕೆ ಹೋಗಬಯಸುವ ಆಟಗಾರರ ಪಟ್ಟಿ, ಬಂತು. 2021ರಿಂದ ಮೊದಲ ವರ್ಗಾವಣೆಗೆ ಒಂದು ವರ್ಷ ಹೊರಗೆ ಕೂರಬೇಕಿಲ್ಲ. ಅದೇ ವರ್ಷ ಜುಲೈ 1ರಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಪ್ಪಂದದಿಂದ 2025-26ಕ್ಕೆ ಪ್ರತಿ ವಿಶ್ವವಿದ್ಯಾಲಯ ಸುಮಾರು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಆಟಗಾರರಿಗೆ ಹಂಚಬಹುದು. ಸ್ಕಾಲರ್‌ಶಿಪ್ ಮಿತಿ ಹೋಗಿ 105 ಜನರ ತಂಡದ ಮಿತಿ ಬಂತು. ವಾಕ್-ಆನ್ ಪದ್ಧತಿಗೆ ಅದು ಇನ್ನೊಂದು ಪೆಟ್ಟು.

ಇದರಿಂದ ದೊಡ್ಡ ಮನೆತನಗಳು ಕಳೆದುಕೊಂಡದ್ದು ಮೂರನೇ ಸಾಲಿನ ಆಟಗಾರರು. ಮೊದಲೆಲ್ಲ ಅಲಬಾಮಾದ ಬೆಂಚ್ ಮೇಲೆ ಎರಡು ವರ್ಷ ಕಾಯುತ್ತಿದ್ದ ಹುಡುಗ ಈಗ ಬೇರೆ ಕಡೆ ಮೊದಲ ದಿನವೇ ಆಡುತ್ತಾನೆ. ಗಾಯಗಳಾದಾಗ ಅದು ಗೊತ್ತಾಗುತ್ತೆ. ಒಂದು ಋತುವಿನ ಮಟ್ಟಿಗೆ ಯಾರು ಬೇಕಾದರೂ ಗೆಲ್ಲಬಹುದಾದ ಸ್ಥಿತಿ ಬಂದಿದೆ, ಆಟಕ್ಕೆ ಅದು ಒಳ್ಳೆಯದೇ. ಆದರೆ ಪೋರ್ಟಲ್ ತಂಡವನ್ನು ಪ್ರತಿ ವರ್ಷ ಹೊಸದಾಗಿ ಕಟ್ಟಬೇಕು, ಪ್ರತಿ ವರ್ಷ ಹಣ ಹೊಂದಿಸಬೇಕು. ಸಿಗ್ನೆಟ್ಟಿ ಹೊರಟ ಮೇಲೆ ಬರುವ ಕೋಚ್, ಆಮೇಲೆ ಬರುವ ಇನ್ನೊಬ್ಬ ಕೋಚ್ ಕೂಡ ಇಂಡಿಯಾನಾವನ್ನು ಟಾಪ್ 10ರಲ್ಲಿ ಇಟ್ಟರೆ ಆಗ ಈ ಪ್ರಶ್ನೆಯನ್ನು ಮತ್ತೆ ಎತ್ತಬಹುದು. ಹಳೇದಾಖಲೆಯವರು ಹೇಳಿದ ಕಾಲಂಗಳಲ್ಲಿ ಅದಕ್ಕೆ ಈಗ ತುಂಬಿರೋದು ನಾಲ್ಕೇ ನಾಲ್ಕು ಋತು, 1945, 1967, 2024 ಮತ್ತು 2025.